ಕಥಾಪಾತ್ರಗಳ ಮೈಬಣ್ಣ, ಓದುಗರ ಮನೋಧರ್ಮ

ಕಥೆಯೊಂದನ್ನು ಮನಸಾರೆ ಓದಿದವರಿಗೆ ಅದರ ಪಾತ್ರಗಳು ಬಂಧುಗಳಂತೆ ಆಪ್ತವಾಗುತ್ತವೆ. ಅವುಗಳ ಮುಖ, ನಡೆ, ದನಿ ಹೇಗಿದ್ದೀತು ಎಂಬ ಚಿತ್ರ ಓದುಗರ ಅಂತರಂಗದಲ್ಲಿ ತಾನಾಗಿಯೇ ಮೂಡಿರುತ್ತದೆ. ಅದೇ ಕಥೆ ಚಲನಚಿತ್ರವಾಗಿಯೋ ಧಾರಾವಾಹಿಯಾಗಿಯೋ ತೆರೆಗೆ ಬಂದಾಗ, ಮನದೊಳಗಿನ ಮುಖಕ್ಕೂ ತೆರೆಯ ಮೇಲಿನ ಮುಖಕ್ಕೂ ಹೊಂದಾಣಿಕೆಯಾಗದಿದ್ದರೆ ಅಸಮಾಧಾನ ಹುಟ್ಟುವುದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಅಸಮಾಧಾನವು ಕಥೆಯ ಮೇಲಿನ ಪ್ರೀತಿಯಾಗಿ ಎಲ್ಲಿಯವರೆಗೆ ಉಳಿಯುತ್ತದೆ, ಎಲ್ಲಿಂದಾಚೆಗೆ ಇನ್ನೊಬ್ಬ ಮನುಷ್ಯನ ಮೇಲಿನ ತಿರಸ್ಕಾರವಾಗಿ ಮಾರ್ಪಡುತ್ತದೆ ಎಂಬುದು ವಿಚಾರಣೀಯ. ಮಕ್ಕಳು ಕಥೆಗಳಿಂದಲೇ ಲೋಕವನ್ನು ಅರಿಯುವ ಕಾರಣ, ಈ ವಿಚಾರ ಹೆತ್ತವರಾದ ನಮ್ಮೆಲ್ಲರಿಗೂ ಸಂಬಂಧಿಸಿದ್ದಾಗಿದೆ.

ಇದಕ್ಕೆ ಉತ್ತಮ ನಿದರ್ಶನವೆಂದರೆ ಇಂಗ್ಲೆಂಡಿನ ಸಾಹಿತಿ ಜೆ. ಆರ್. ಆರ್. ಟೋಲ್ಕೀನ್ ಅವರ ಕಥಾಲೋಕದ ಸುತ್ತ ನಡೆದ ವಾಗ್ವಾದ. ಅವರ ‘ದಿ ಹಾಬಿಟ್’ 1937ರಲ್ಲಿಯೂ, ಮೂರು ಸಂಪುಟಗಳ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954 ಮತ್ತು 1955ರಲ್ಲಿಯೂ ಪ್ರಕಟವಾದವು. ಅಲ್ಲಿ ಶಾಂತಿಪ್ರಿಯರೂ ಕುಳ್ಳರೂ ಆದ ಹಾಬಿಟ್‌ಗಳಿದ್ದಾರೆ. ಮುಪ್ಪು ಕಾಣದ ಎಲ್ಫ್‌ಗಳಿದ್ದಾರೆ. ಬೆಟ್ಟಗಳನ್ನು ಕೊರೆದು ಬಾಳುವ ಡ್ವಾರ್ಫ್‌ಗಳಿದ್ದಾರೆ. ದುಷ್ಟಶಕ್ತಿ ಸೌರಾನನ ಸೈನಿಕರಾದ ಆರ್ಕ್‌ಗಳಿದ್ದಾರೆ. ಒಬ್ಬ ಸಾಮಾನ್ಯ ಹಾಬಿಟ್ ತನ್ನ ಸೇವಕನೊಡನೆ ನಡೆದು ಹೋಗಿ, ಲೋಕವನ್ನೇ ಆಳಬಲ್ಲ ಉಂಗುರವೊಂದನ್ನು ನಾಶಗೊಳಿಸಲು ಹೊರಡುವುದು ಕಥೆಯ ತಿರುಳು.

ಟೋಲ್ಕೀನರು ನಿಷ್ಠಾವಂತ ಕಥೋಲಿಕರಾಗಿದ್ದರು. 1892ರಲ್ಲಿ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್‌ನಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ತಾಯಿ ಮೇಬಲ್ 1900ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿ, ಅದರಿಂದಾಗಿ ಬಂಧುಗಳ ಮುನಿಸಿಗೆ ಗುರಿಯಾಗಿ, 1904ರಲ್ಲಿ ತೀರಿಕೊಂಡರು. ಹನ್ನೆರಡರ ಹರೆಯದ ಅನಾಥ ಬಾಲಕನನ್ನೂ ಅವನ ತಮ್ಮನನ್ನೂ ನೋಡಿಕೊಂಡವರು ಸಂತ ಜಾನ್ ಹೆನ್ರಿ ನ್ಯೂಮನ್ ಸ್ಥಾಪಿಸಿದ ಬರ್ಮಿಂಗ್‌ಹ್ಯಾಮ್ ಒರೆಟರಿಯ ಧರ್ಮಗುರು ಫಾದರ್ ಫ್ರಾನ್ಸಿಸ್ ಮೋರ್ಗನ್. ತಮ್ಮ ಮಹಾಕೃತಿಯು ಮೂಲತಃ ಧಾರ್ಮಿಕವೂ ಕಥೋಲಿಕವೂ ಆದ ಕೃತಿಯೆಂದು ಟೋಲ್ಕೀನರೇ 1953ರಲ್ಲಿ ಯೇಸುಸಭೆಯವರಾದ ಮಿತ್ರ ರಾಬರ್ಟ್ ಮರ್ರೆ ಅವರಿಗೆ ಬರೆದಿದ್ದರು. ಆದುದರಿಂದ ಈ ಕಥಾಲೋಕದ ಜಗಳವು ನಮಗೆ ತೀರ ಹೊರಗಿನ ಸಂಗತಿಯಲ್ಲ.

ಬಣ್ಣದ ಜಗಳ

2022ರ ಫೆಬ್ರುವರಿಯಲ್ಲಿ ‘ದಿ ರಿಂಗ್ಸ್ ಆಫ್ ಪವರ್’ ಎಂಬ ಧಾರಾವಾಹಿಯ ಮೊದಲ ಚಿತ್ರಗಳು ಹೊರಬಿದ್ದವು. ಟೋಲ್ಕೀನರ ಮುಖ್ಯ ಕಥೆಗಿಂತ ಸಾವಿರಾರು ವರ್ಷಗಳ ಹಿಂದಿನ ಯುಗವನ್ನು ಚಿತ್ರಿಸುವ ಈ ಧಾರಾವಾಹಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಹಿಂದಿ, ತಮಿಳು ಮೊದಲಾದ ಭಾರತೀಯ ಭಾಷೆಗಳ ದನಿಯಲ್ಲಿಯೂ ನಮ್ಮ ದೇಶದ ಮನೆಗಳನ್ನು ತಲುಪಿತು. ಅದರಲ್ಲಿ ಎಲ್ಫ್ ಯೋಧ ಅರೊಂಡಿರ್‌ನ ಪಾತ್ರವನ್ನು ಇಸ್ಮಾಯೆಲ್ ಕ್ರೂಸ್ ಕಾರ್ಡೊವಾ, ಡ್ವಾರ್ಫ್ ರಾಜಕುವರಿ ಡೀಸಾಳ ಪಾತ್ರವನ್ನು ಸೋಫಿಯಾ ನೊಮ್ವೇಟೆ, ಹಾಬಿಟ್‌ಗಳ ಪೂರ್ವಿಕರಾದ ಹಾರ್‌ಫುಟ್‌ಗಳ ಹಿರಿಯನೊಬ್ಬನ ಪಾತ್ರವನ್ನು ಲೆನ್ನಿ ಹೆನ್ರಿ ವಹಿಸಿದ್ದರು. ಮೂವರೂ ಬಿಳಿಯರಲ್ಲ. ಇಷ್ಟೇ ಸಾಕಾಯಿತು, ಅಭಿಮಾನಿಗಳ ವಲಯ ಎರಡಾಗಿ ಸೀಳಿತು.

ಒಂದು ಪಕ್ಷದವರ ವಾದವಿಷ್ಟು: ಟೋಲ್ಕೀನರು ಇಂಗ್ಲೆಂಡಿಗೆಂದೇ ಒಂದು ಪುರಾಣವನ್ನು ಕಟ್ಟಬಯಸಿದವರು; ಅವರ ಜನಾಂಗಗಳು ಉತ್ತರ ಯುರೋಪಿನ ಹಳೆಯ ಕಥೆಗಳಿಂದ ಬಂದವು; ಅವುಗಳ ರೂಪವನ್ನು ಬದಲಿಸುವುದು ಕೃತಿಗೆ ಮಾಡುವ ದ್ರೋಹ. ಇನ್ನೊಂದು ಪಕ್ಷದವರು ಹೀಗೆಂದರು: ಎಲ್ಫ್‌ಗಳೂ ಡ್ವಾರ್ಫ್‌ಗಳೂ ಕಲ್ಪನೆಯ ಜೀವಿಗಳು, ಲೋಕದ ಎಲ್ಲ ಬಣ್ಣದ ಮಕ್ಕಳೂ ಓದುವ ಕಥೆಯಲ್ಲಿ ಎಲ್ಲ ಬಣ್ಣದ ಮುಖಗಳೂ ಇರಲಿ.

ಗ್ರಂಥವನ್ನೇ ತೆರೆದು ನೋಡಿದರೆ ಎರಡೂ ಕಡೆಯವರ ನಿಶ್ಚಯ ತುಸು ಸಡಿಲಬಹುದು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಪೀಠಿಕೆಯಲ್ಲಿ ಹಾಬಿಟ್‌ಗಳ ಮೂರು ಪಂಗಡಗಳ ವಿವರಣೆಯಿದೆ. ಅವುಗಳಲ್ಲಿ ಅತ್ಯಂತ ದೊಡ್ಡದಾದ ಹಾರ್‌ಫುಟ್ ಪಂಗಡದವರ ಮೈಬಣ್ಣ ಉಳಿದವರಿಗಿಂತ ಕಂದು ಎಂದು ಲೇಖಕರೇ ಹೇಳಿದ್ದಾರೆ. ಆದರೂ ಹಲವು ದಶಕಗಳ ಕಾಲ ಹಾಬಿಟ್‌ಗಳೆಲ್ಲರೂ ಬಿಳಿಯರೆಂದೇ ಬಹುಮಂದಿ ಓದುಗರು ಭಾವಿಸಿಕೊಂಡಿದ್ದರು. ಕಣ್ಣು ಓದಿದ್ದನ್ನು ಮನಸ್ಸು ಅಳಿಸಿಹಾಕಿತ್ತು. ಇತ್ತ ಎಲ್ಫ್‌ಗಳ ವಿಷಯದಲ್ಲಿ, ಗ್ರಂಥದ ಅನುಬಂಧವೊಂದರಲ್ಲಿ ಅವರನ್ನು ಗೌರವರ್ಣದವರೆಂದು ವರ್ಣಿಸಿರುವುದು ನಿಜ. ಆ ವರ್ಣನೆ ಮೊದಲು ಎಲ್ಫ್‌ಗಳ ಒಂದು ಕುಲವನ್ನಷ್ಟೇ ಕುರಿತು ಬರೆದದ್ದೆಂದು ಟೋಲ್ಕೀನರ ಮಗ ಕ್ರಿಸ್ಟೋಫರ್ ಮುಂದೆ ತಿಳಿಸಿದ್ದಾರೆ. ಆದುದರಿಂದ ಆಕ್ಷೇಪಿಸಿದವರೆಲ್ಲರೂ ದ್ವೇಷಿಗಳೆಂದು ತೀರ್ಪು ಕೊಡುವುದೂ ನ್ಯಾಯವಲ್ಲ, ಗ್ರಂಥವೆಲ್ಲ ತಮ್ಮ ಪರವಾಗಿದೆಯೆಂದು ಆಕ್ಷೇಪಿಸಿದವರು ಬೀಗುವುದೂ ಸರಿಯಲ್ಲ.

ಆದರೆ ಜಗಳ ಗ್ರಂಥದಲ್ಲಿಯೇ ನಿಲ್ಲಲಿಲ್ಲ. ಪಾತ್ರಧಾರಿಗಳಿಗೆ ಅವರ ಬಣ್ಣವನ್ನು ಹೀಗಳೆದ ನಿಂದೆಯೂ ಬೆದರಿಕೆಯೂ ದಿನನಿತ್ಯ ಬರತೊಡಗಿದವು. ಧಾರಾವಾಹಿಯ ಬಳಗದವರು 2022ರ ಸೆಪ್ಟೆಂಬರಿನಲ್ಲಿ ಬಹಿರಂಗ ಹೇಳಿಕೆಯಿತ್ತು ಇದನ್ನು ಖಂಡಿಸಬೇಕಾಯಿತು. 2001ರಿಂದ 2003ರವರೆಗೆ ಬಂದ ಚಲನಚಿತ್ರಗಳಲ್ಲಿ ಹಾಬಿಟ್‌ಗಳಾಗಿ ನಟಿಸಿದ್ದ ಎಲೈಜಾ ವುಡ್, ಶಾನ್ ಆಸ್ಟಿನ್, ಬಿಲ್ಲಿ ಬಾಯ್ಡ್, ಡಾಮಿನಿಕ್ ಮೊನಾಹನ್ ಅವರು, ನಾನಾ ಬಣ್ಣದ ಕಿವಿಗಳ ಚಿತ್ರವಿದ್ದ ಉಡುಪು ತೊಟ್ಟು, ಎಲ್ಲರಿಗೂ ಇಲ್ಲಿ ಸ್ವಾಗತವೆಂಬ ಅರ್ಥದ ಮಾತನ್ನು ಟೋಲ್ಕೀನರೇ ರಚಿಸಿದ ಎಲ್ಫ್ ಲಿಪಿಯಲ್ಲಿ ಸಾರಿದರು.

ಪ್ರೀತಿಯ ಆಕ್ಷೇಪ, ಅಭ್ಯಾಸದ ಆಕ್ಷೇಪ

ಡೀಸಾಳ ವಿಚಾರವಾಗಿ ಬಂದ ಎರಡು ದೂರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಉಚಿತ. ಡ್ವಾರ್ಫ್ ಸ್ತ್ರೀಯರು ನೋಟದಲ್ಲಿ ಪುರುಷರಂತೆಯೇ ಇರುವರೆಂದು ಟೋಲ್ಕೀನರು ಬರೆದಿದ್ದಾರೆ. ಅವರಿಗೂ ಗಡ್ಡವಿದೆಯೆಂದು ಅವರ ಹಸ್ತಪ್ರತಿಗಳಲ್ಲಿ ಸ್ಪಷ್ಟವಾಗಿದೆ. ಡೀಸಾಳಿಗೆ ಗಡ್ಡವೇಕಿಲ್ಲ ಎಂದು ಕೇಳಿದ ಅಭಿಮಾನಿ ಗ್ರಂಥವನ್ನು ಹಿಡಿದು ಕೇಳಿದ. ಆ ಪ್ರಶ್ನೆಯಲ್ಲಿ ನಗೆಯೂ ಇತ್ತು, ಪ್ರೀತಿಯೂ ಇತ್ತು. ಅದರಿಂದ ಯಾರ ಮನಸ್ಸೂ ನೋಯುವಂತಿರಲಿಲ್ಲ. ಅದೇ ಡೀಸಾ ಕಪ್ಪಗಿರುವುದೇಕೆಂದು ಸಿಡಿದವನು ಮಾತ್ರ ಗ್ರಂಥದ ಯಾವ ಪುಟವನ್ನು ಹಿಡಿದುಕೊಂಡಿದ್ದ? ಮೊದಲನೆಯದು ಕೃತಿಯಿಂದ ಹುಟ್ಟಿದ ಆಕ್ಷೇಪ, ಎರಡನೆಯದು ಅಭ್ಯಾಸದಿಂದ ಹುಟ್ಟಿದ್ದು.

ಎಲ್ಫ್ ರಾಣಿ ಗಲಾಡ್ರಿಯೆಲಳ ಕುರಿತ ಚರ್ಚೆ ಇನ್ನೂ ಸೂಕ್ಷ್ಮವಾದುದು. ಮೂಲ ಗ್ರಂಥದಲ್ಲಿ ಆಕೆ ಶಾಂತಗಂಭೀರಳು, ಜ್ಞಾನಿ, ಕರುಣಾಮಯಿ. ಆಕೆಯ ಚಿತ್ರಣವು ಮಾತೆ ಮರಿಯಮ್ಮನವರ ಕುರಿತಾದ ಕಥೋಲಿಕ ಬೋಧನೆಗೆ ಬಹಳಷ್ಟು ಋಣಿಯೆಂದು ಟೋಲ್ಕೀನರು 1971ರಲ್ಲಿ ಒಪ್ಪಿಕೊಂಡಿದ್ದರು. ಅಂಥವಳು ಧಾರಾವಾಹಿಯಲ್ಲಿ ಕವಚ ತೊಟ್ಟು, ಕತ್ತಿ ಹಿರಿದು, ಕೋಪಿಷ್ಠೆಯಾಗಿ ಕಾಣಿಸಿಕೊಂಡಾಗ ಹಲವರಿಗೆ ನೋವಾದುದು ಅರ್ಥವಾಗುವಂಥದೇ. ಆದರೆ ಅದೇ ಟೋಲ್ಕೀನರು 1971ರ ಆ ಪತ್ರದಲ್ಲಿಯೇ ಆಕೆಯನ್ನು ಪಶ್ಚಾತ್ತಾಪಿಯೆಂದೂ, ಯೌವನದಲ್ಲಿ ದೇವದೂತ ಸಮಾನರಾದ ಅಧಿಪತಿಗಳ ವಿರುದ್ಧ ದಂಗೆಯೆದ್ದವರ ಮುಂದಾಳೆಂದೂ ಕರೆದಿದ್ದರು. 1973ರ ಮಾರ್ಚಿನಲ್ಲಿ, ಆಕೆ ಎಳೆಯ ಪ್ರಾಯದಲ್ಲಿ ವೀರವನಿತೆಯ ಸ್ವಭಾವದವಳಾಗಿದ್ದು ಸಾಹಸದ ಆಟಗಳಿಗೆ ಕೂದಲನ್ನು ಎತ್ತಿ ಕಟ್ಟಿಕೊಳ್ಳುತ್ತಿದ್ದಳೆಂದು ಬರೆದರು. ಅದೇ ವರ್ಷದ ಆಗಸ್ಟಿನಲ್ಲಿ, ತಮ್ಮ ನಿಧನಕ್ಕೆ ಒಂದು ತಿಂಗಳ ಮುನ್ನ, ಆಕೆ ಕಳಂಕರಹಿತಳೆಂದು ಮತ್ತೆ ತಿದ್ದಿದರು. ಸೃಷ್ಟಿಸಿದವರೇ ಕೊನೆಯವರೆಗೆ ಆಲೋಚಿಸುತ್ತಿದ್ದ ಪಾತ್ರವನ್ನು, ನಾವು ಹೀಗೆಯೇ ಎಂದು ಮುದ್ರೆಯೊತ್ತಿ ಕೂರುವುದು ಹೇಗೆ?

ಲೇಖಕರ ಗುಣವೂ ದೋಷವೂ

ಟೋಲ್ಕೀನರ ಮೇಲೆಯೇ ಒಂದು ಗಂಭೀರ ಆರೋಪವಿದೆ. ಅವರ ಕಥೆಯಲ್ಲಿ ಸೌರಾನನ ಪರವಾಗಿ ಯುದ್ಧಕ್ಕೆ ಬರುವ ಮನುಷ್ಯರು ಪೂರ್ವ ಮತ್ತು ದಕ್ಷಿಣ ದೇಶಗಳವರು; ಅವರಲ್ಲಿ ಅನೇಕರು ಕಪ್ಪು ಬಣ್ಣದವರು. 1958ರ ಪತ್ರವೊಂದರಲ್ಲಿ ಅವರು ಆರ್ಕ್‌ಗಳ ರೂಪವನ್ನು ವಿವರಿಸುವಾಗ, ಯುರೋಪಿನವರ ಕಣ್ಣಿಗೆ ಅಂದವಿಲ್ಲದ ಮಂಗೋಲ ಮುಖಗಳ ವಿಕೃತ ರೂಪವೆಂಬ ಅರ್ಥದ ಹೋಲಿಕೆಯನ್ನು ಬಳಸಿದರು. ಪೂರ್ವದೇಶದವರಾದ ನಮಗೆ ಈ ಮಾತು ಚುಚ್ಚುತ್ತದೆ. ಮೆಚ್ಚಿನ ಲೇಖಕರೆಂಬ ಕಾರಣಕ್ಕೆ ಅದನ್ನು ಮರೆಮಾಚುವುದು ಸಲ್ಲದು.

ಅಂತೆಯೇ ಇನ್ನೊಂದು ಬದಿಯನ್ನೂ ಹೇಳಬೇಕು. 1938ರಲ್ಲಿ ಜರ್ಮನಿಯ ಪ್ರಕಾಶಕರು ‘ದಿ ಹಾಬಿಟ್’ನ ಅನುವಾದಕ್ಕೆ ಮುನ್ನ ಲೇಖಕರು ಆರ್ಯ ವಂಶದವರೇ ಎಂದು ವಿಚಾರಿಸಿದರು. ಟೋಲ್ಕೀನರು ಆ ಪ್ರಶ್ನೆಗೆ ಸಿಡಿದೆದ್ದು, ಪ್ರತಿಭಾವಂತರಾದ ಯೆಹೂದ್ಯ ಜನರು ತಮ್ಮ ಪೂರ್ವಿಕರಲ್ಲಿ ಇದ್ದಂತಿಲ್ಲವಲ್ಲ ಎಂಬ ವಿಷಾದದ ಉತ್ತರ ರಚಿಸಿದರು. ಜರ್ಮನ್ ಅನುವಾದ ಹೊರಬಂದದ್ದು 1957ರಲ್ಲಿ. 1959ರಲ್ಲಿ ಆಕ್ಸ್‌ಫರ್ಡಿನ ತಮ್ಮ ಬೀಳ್ಕೊಡುಗೆ ಭಾಷಣದಲ್ಲಿ, ತಾವು ಹುಟ್ಟಿದ ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ಮೇಲಿನ ದ್ವೇಷ ತಮ್ಮ ಮೂಳೆಯಲ್ಲಿಯೇ ಇದೆಯೆಂಬ ಭಾವವನ್ನು ತೋಡಿಕೊಂಡರು.

ಕಥೆಯೊಳಗೂ ಅಂಥದೊಂದು ಘಳಿಗೆಯಿದೆ. ಕಾಳಗದಲ್ಲಿ ಸತ್ತ ದಕ್ಷಿಣ ದೇಶದ ಸೈನಿಕನೊಬ್ಬ ಸೇವಕ ಸ್ಯಾಮ್‌ನ ಬಳಿಯೇ ಬಂದು ಬೀಳುತ್ತಾನೆ. ಈತನ ಹೆಸರೇನಿದ್ದೀತು, ಈತ ನಿಜಕ್ಕೂ ಕೆಟ್ಟವನೇ, ಯಾವ ಸುಳ್ಳು ಅಥವಾ ಯಾವ ಬೆದರಿಕೆ ಈತನನ್ನು ಮನೆಯಿಂದ ಇಷ್ಟು ದೂರ ತಂದಿತು ಎಂದು ಸ್ಯಾಮ್ ಮನಸ್ಸಿನಲ್ಲಿಯೇ ಮರುಗುತ್ತಾನೆ. ಶತ್ರುವಿನ ಬಣ್ಣವನ್ನು ಕಂಡ ಲೇಖಕರೇ ಶತ್ರುವಿನ ಮನೆಯನ್ನೂ ನೆನೆದಿದ್ದಾರೆ.

ಆರ್ಕ್‌ನ ಮಗು

ಈ ನೆನಹು ಆರ್ಕ್‌ಗಳಿಗೂ ಸಲ್ಲುವುದೇ? 1954ರಲ್ಲಿಯೇ ಆಕ್ಸ್‌ಫರ್ಡಿನ ಕಥೋಲಿಕ ಪುಸ್ತಕದಂಗಡಿಯೊಂದರ ವ್ಯವಸ್ಥಾಪಕ ಪೀಟರ್ ಹೇಸ್ಟಿಂಗ್ಸ್ ಇಂತಹ ಸಂದೇಹವನ್ನು ಎತ್ತಿದ್ದರು. ದುಷ್ಟಶಕ್ತಿಯು ಜೀವಿಗಳನ್ನು ಸೃಷ್ಟಿಸಿತೆಂದು ಕಥೆಯ ಪಾತ್ರವೊಂದು ಹೇಳುತ್ತದೆ. ಸೃಷ್ಟಿಸುವ ಶಕ್ತಿ ದೇವರೊಬ್ಬರಿಗೇ ಇರುವಾಗ ಇದು ಸರಿಯೇ ಎಂಬುದು ಅವರ ಪ್ರಶ್ನೆ. ಟೋಲ್ಕೀನರು ದೀರ್ಘವಾದ ಉತ್ತರವನ್ನೇ ಬರೆಯತೊಡಗಿ, ತಮ್ಮನ್ನು ತಾವು ಅತಿ ದೊಡ್ಡವರೆಂದು ಭಾವಿಸಿಕೊಂಡಂತಾಯಿತೆಂದು ಕಳುಹಿಸದೆ ಬಿಟ್ಟರು. ಆದರೆ ಪ್ರಶ್ನೆ ಅವರನ್ನು ಬಿಡಲಿಲ್ಲ. ಕೆಡುಕಿಗೆ ಇರುವುದನ್ನು ಕೆಡಿಸುವ ಶಕ್ತಿಯುಂಟೇ ಹೊರತು ಹೊಸದನ್ನು ಸೃಷ್ಟಿಸುವ ಶಕ್ತಿಯಿಲ್ಲವೆಂಬುದು ಅವರ ವಿಶ್ವಾಸ. ಹಾಗಾದರೆ ಆರ್ಕ್‌ಗಳು ಎಲ್ಲಿಂದ ಬಂದವು? ಅವು ಕೆಟ್ಟುಹೋದ ಎಲ್ಫ್‌ಗಳೇ, ಮನುಷ್ಯರೇ, ಬರಿಯ ಮೃಗಗಳೇ? ಆತ್ಮವಿರುವ ಜೀವಿಗಳಾದರೆ ಅವಕ್ಕೆ ಉದ್ಧಾರವಿಲ್ಲವೇ? ಹಲವು ಉತ್ತರಗಳನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದ ಆ ಟಿಪ್ಪಣಿಗಳನ್ನು ಮಗ ಕ್ರಿಸ್ಟೋಫರ್ 1993ರಲ್ಲಿ ಪ್ರಕಟಿಸಿದರು.

2024ರ ಆಗಸ್ಟಿನಲ್ಲಿ ಧಾರಾವಾಹಿಯ ಎರಡನೆಯ ಭಾಗ ಬಂದಾಗ, ಆರ್ಕ್ ಒಬ್ಬನು ತನ್ನ ಮಡದಿ ಹಾಗೂ ಹಸುಳೆಯೊಡನೆ ನಿಂತ ದೃಶ್ಯ ಮತ್ತೊಂದು ಕೋಲಾಹಲವನ್ನು ಎಬ್ಬಿಸಿತು. ಕೆಡುಕನ್ನು ಕೆಡುಕೆಂದೇ ತೋರಿಸಬೇಕು, ಅದಕ್ಕೆ ಕನಿಕರದ ಬಣ್ಣ ಬಳಿಯಬಾರದು ಎಂದರು ಕೆಲವರು. ಆದರೆ ಆರ್ಕ್‌ಗಳೂ ಉಳಿದ ಜನಾಂಗಗಳಂತೆಯೇ ಸಂತತಿ ಪಡೆಯುವುವೆಂದು 1977ರಲ್ಲಿ ಪ್ರಕಟವಾದ ಟೋಲ್ಕೀನರ ‘ದಿ ಸಿಲ್ಮರಿಲಿಯನ್’ನಲ್ಲಿಯೇ ಇದೆ. ಸಂತತಿಯಿದ್ದರೆ ತಾಯಿಯಿದ್ದಾಳೆ, ತಾಯಿಯಿದ್ದರೆ ಕಂಕುಳಲ್ಲಿ ಮಗುವೂ ಇದೆ. ಅದನ್ನು ಓದಿದಾಗ ಬಾರದ ಕೋಪ ನೋಡಿದಾಗ ಬಂದಿತು. ಶತ್ರುವಿಗೂ ಮಗುವಿದೆಯೆಂಬ ಸಂಗತಿಯನ್ನು ತಾಳಿಕೊಳ್ಳುವುದು ಕಥೆಯಲ್ಲಿಯೂ ಕಷ್ಟ. ಬದುಕಿನಲ್ಲಿ ಇನ್ನೂ ಕಷ್ಟ.

ನಮ್ಮ ಮನೆಗಳಲ್ಲಿ

ಈ ವಾಗ್ವಾದದಿಂದ ನಮ್ಮ ಕುಟುಂಬಗಳು ಕಲಿಯಬೇಕಾದುದೇನು? ಮಕ್ಕಳು ಕಥಾಪಾತ್ರಗಳ ಕುರಿತು ವಾದಿಸುವುದನ್ನು ಕಾಲಹರಣವೆಂದು ಗದರುವುದು ಬೇಡ. ಪಾತ್ರವೊಂದಕ್ಕೆ ನ್ಯಾಯ ದೊರಕಿತೇ ಎಂದು ತಲೆಕೆಡಿಸಿಕೊಳ್ಳುವ ಮಗು ನ್ಯಾಯದ ಮೊದಲ ಪಾಠವನ್ನು ಕಲಿಯುತ್ತಿದೆ. ಆದರೆ ಅದರೊಡನೆ ಕುಳಿತು ಎರಡು ಪ್ರಶ್ನೆ ಕೇಳುವುದು ಹಿರಿಯರ ಕರ್ತವ್ಯ. ನಿನ್ನ ಆಕ್ಷೇಪ ಪುಸ್ತಕದಿಂದ ಬಂದಿತೇ, ಅಭ್ಯಾಸದಿಂದ ಬಂದಿತೇ? ಆ ನಟನೋ ನಟಿಯೋ ನಮ್ಮ ಮನೆಯ ಊಟದ ಮೇಜಿನಲ್ಲಿ ಕುಳಿತಿದ್ದರೆ ಇದೇ ಮಾತನ್ನು ಆಡುತ್ತಿದ್ದೆಯಾ?

ಎರಡನೆಯ ಪ್ರಶ್ನೆಯನ್ನು ಹಿರಿಯರಾದ ನಾವೂ ಕೇಳಿಕೊಳ್ಳಬೇಕಾಗಿದೆ. ಹೆಣ್ಣು ನೋಡಲು ಹೋಗಿ ಬಂದ ಸಂಜೆ ಹುಡುಗಿಯ ಬಣ್ಣದ ಕುರಿತು ನಾವಾಡುವ ಮಾತನ್ನು, ತೊಟ್ಟಿಲ ಕೂಸು ಯಾರಂತೆ ಬೆಳ್ಳಗಿದೆ, ಯಾರಂತೆ ಕಪ್ಪಗಿದೆ ಎಂಬ ನಮ್ಮ ಲೆಕ್ಕಾಚಾರವನ್ನು ಮಕ್ಕಳು ಕೇಳಿಸಿಕೊಳ್ಳುತ್ತಲೇ ಇರುತ್ತಾರೆ. ರಾಜಕುವರಿ ಬೆಳ್ಳಗೇ ಇರಬೇಕೆಂಬುದನ್ನು ಅವರು ಕಲಿತದ್ದು ಪುಸ್ತಕದಿಂದಲ್ಲ, ನಮ್ಮಿಂದ.

ಎಲ್ಲರೂ ದೇವರ ಸ್ವರೂಪದಲ್ಲಿ ಉಂಟುಮಾಡಲ್ಪಟ್ಟವರೆಂದು ಪವಿತ್ರ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಓದುವ ನಾವು, ಆ ಸ್ವರೂಪಕ್ಕೆ ಒಂದೇ ಬಣ್ಣವೆಂದು ಎಲ್ಲಿಯೂ ಓದಿಲ್ಲ. ಮುಂದೊಮ್ಮೆ ಮಕ್ಕಳೊಡನೆ ತೆರೆಯ ಮುಂದೆ ಕುಳಿತಾಗ, ಹೊಸ ಮುಖವೊಂದನ್ನು ಕಂಡು ಹುಬ್ಬೇರಿಸುವ ಮೊದಲು, ಸತ್ತ ಶತ್ರುವಿನ ಹೆಸರೇನಿದ್ದೀತೆಂದು ಯೋಚಿಸಿದ ಆ ಸೇವಕನನ್ನು ನೆನೆಯೋಣ.