ತಂಡವಿಲ್ಲದ ಊರಿನ ಅಭಿಮಾನ

2024ರ ಮಾರ್ಚ್ 31ರ ರಾತ್ರಿ ವಿಶಾಖಪಟ್ಟಣದ (ವೈಜಾಗ್) ಕ್ರಿಕೆಟ್ ಮೈದಾನದಲ್ಲಿ ಸೋತ ತಂಡದ ಅಭಿಮಾನಿಗಳು ಕುಣಿದರು. ಲೆಕ್ಕಕ್ಕೆ ಅದು ಐಪಿಎಲ್‌ನಲ್ಲಿ ಚೆನ್ನೈ ವಿರುದ್ಧ ಡೆಲ್ಲಿ ಕ್ಯಾಪಿಟಲ್ಸ್‌ನ ತವರು ಪಂದ್ಯ. ದೆಹಲಿಯ ಮೈದಾನದಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಆಗಷ್ಟೇ ಮುಗಿದಿತ್ತು. ಪಿಚ್ ಚೇತರಿಸಿಕೊಳ್ಳಲೆಂದು ಮೊದಲ ಎರಡು ತವರು ಪಂದ್ಯಗಳನ್ನು ವೈಜಾಗ್‌ಗೆ ಕೊಟ್ಟಿದ್ದರು. ಗ್ಯಾಲರಿಯಲ್ಲಿ ಮಾತ್ರ ಎತ್ತ ನೋಡಿದರೂ ಚೆನ್ನೈನ ಹಳದಿ. ಎಂಟನೇ ಕ್ರಮಾಂಕದಲ್ಲಿ ಇಳಿದ ಮಹೇಂದ್ರ ಸಿಂಗ್ ಧೋನಿ 16 ಎಸೆತಗಳಲ್ಲಿ 37 ರನ್ ಹೊಡೆದರು, ಅದರಲ್ಲಿ 20 ರನ್ ಕೊನೆಯ ಓವರ್‌ನಲ್ಲೇ ಬಂದವು. ಚೆನ್ನೈ ಸೋತದ್ದೂ 20 ರನ್‌ಗಳಿಂದಲೇ. ಸೋತೆವೆಂಬ ಬೇಸರ ಆ ಹಳದಿ ಅಂಗಿಗಳವರಲ್ಲಿ ಅಷ್ಟಾಗಿ ಕಾಣಲಿಲ್ಲ.

ಆಂಧ್ರಪ್ರದೇಶಕ್ಕೆ ಸ್ವಂತ ಐಪಿಎಲ್ ತಂಡವಿಲ್ಲ. ಹಾಗಿದ್ದೂ ಅಲ್ಲಿ ಅಭಿಮಾನಕ್ಕೆ ಬರವಿಲ್ಲ. ಒಬ್ಬ ವ್ಯಕ್ತಿ ಒಂದು ತಂಡವನ್ನು ‘ನಮ್ಮದು’ ಎಂದುಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಬೆಂಗಳೂರು, ಚೆನ್ನೈಗಳಲ್ಲಿ ಉತ್ತರ ಹುಡುಕಿದರೆ ಊರಿನ ಹೆಸರೇ ಅಡ್ಡ ಬರುತ್ತದೆ: ನಮ್ಮೂರ ತಂಡ, ಅದಕ್ಕೇ ನಮ್ಮದು ಎಂದು ಮಾತು ಮುಗಿಯುತ್ತದೆ. ವೈಜಾಗ್, ವಿಜಯವಾಡಗಳಲ್ಲಿ ಆ ಸುಲಭದ ಉತ್ತರ ಸಿಗುವುದಿಲ್ಲ.

ಗುಂಪುಗಾರಿಕೆಗೆ ಮನುಷ್ಯನಿಗೆ ಬೇಕಾದ ನೆಪ ಬಹಳ ಚಿಕ್ಕದು. 1970ರ ದಶಕದ ಆರಂಭದಲ್ಲಿ ಮನೋವಿಜ್ಞಾನಿ ಹೆನ್ರಿ ತಾಜ್ಫೆಲ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರಿಗೆ ಕ್ಲೀ ಮತ್ತು ಕಾಂಡಿನ್ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿ, ಯಾರ ಚಿತ್ರ ಇಷ್ಟ ಎಂಬುದರ ಮೇಲೆ ಎರಡು ಗುಂಪು ಮಾಡಿದ್ದಾಗಿ ಹೇಳಿದರು. ವಾಸ್ತವದಲ್ಲಿ ಗುಂಪು ಮಾಡಿದ್ದು ಮನಸ್ಸಿಗೆ ಬಂದಂತೆ. ತಮ್ಮ ಗುಂಪಿನಲ್ಲಿ ಯಾರಿದ್ದಾರೆಂದು ಕೂಡ ಹುಡುಗರಿಗೆ ಗೊತ್ತಿರಲಿಲ್ಲ. ಆದರೂ ಹಣ ಹಂಚುವಾಗ ಅವರು ‘ನಮ್ಮವರ’ ಕಡೆಗೇ ವಾಲಿದರು. ಮುಂದೆ ತಾಜ್ಫೆಲ್ ಮತ್ತು ಜಾನ್ ಟರ್ನರ್ ರೂಪಿಸಿದ ಸಾಮಾಜಿಕ ಗುರುತಿನ ಸಿದ್ಧಾಂತದ ತಿರುಳು ಇದು: ನಾನು ಯಾರು ಎಂಬ ಪ್ರಶ್ನೆಯ ಉತ್ತರದಲ್ಲಿ ಒಂದು ಪಾಲು ನಾನು ಸೇರಿದ ಗುಂಪಿನದು. ಗುಂಪು ಮೇಲೇರಿದರೆ ನಾನೂ ಮೇಲೇರುತ್ತೇನೆ.

ಇದನ್ನು ಆಟದ ಅಭಿಮಾನಿಗಳಲ್ಲಿ ಅಳೆದು ತೋರಿಸಿದವರು ಅಮೆರಿಕದ ರಾಬರ್ಟ್ ಚಿಯಾಲ್ಡಿನಿ ಮತ್ತು ಸಂಗಡಿಗರು. 1976ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ವಾರಾಂತ್ಯದಲ್ಲಿ ಗೆದ್ದಿದ್ದರೆ ಸೋಮವಾರ ಆ ವಿದ್ಯಾಲಯದ ಹೆಸರಿನ ಅಂಗಿ ತೊಟ್ಟು ತರಗತಿಗೆ ಬರುವವರು ಹೆಚ್ಚುತ್ತಿದ್ದರು. ಫೋನ್ ಮಾಡಿ ಕೇಳಿದಾಗ, ಗೆದ್ದ ಪಂದ್ಯವನ್ನು ‘ನಾವು ಗೆದ್ವಿ’ ಎಂದೂ ಸೋತ ಪಂದ್ಯವನ್ನು ‘ಅವರು ಸೋತರು’ ಎಂದೂ ಹೇಳುವ ಒಲವು ಕಂಡಿತು. ನನಗೆ ಹೆಚ್ಚು ಮುಖ್ಯವೆನಿಸುವುದು ಅದರಲ್ಲಿನ ಇನ್ನೊಂದು ಅಂಶ. ಆ ಕರೆಯಲ್ಲೇ ಮೊದಲು ಒಂದು ಸಣ್ಣ ಪರೀಕ್ಷೆಯಿತ್ತು. ಅದರಲ್ಲಿ ನೀವು ಹಿಂದೆ ಬಿದ್ದಿರಿ ಎಂದು ಹೇಳಿಸಿಕೊಂಡವರಲ್ಲೇ ಈ ‘ನಾವು–ಅವರು’ ವ್ಯತ್ಯಾಸ ಎದ್ದು ಕಂಡಿತು. ತಾನು ಎಡವಿದ ದಿನ ಮನುಷ್ಯನಿಗೆ ತಂಡದ ಗೆಲುವು ಇನ್ನೂ ಹೆಚ್ಚು ಬೇಕಾಗುತ್ತದೆ.

ಗಟ್ಟಿ ಅಭಿಮಾನಿಗೆ ‘ಅವರು ಸೋತರು’ ಎಂದು ಕಳಚಿಕೊಳ್ಳಲಾಗುವುದಿಲ್ಲ. ಎಡ್ವರ್ಡ್ ಹರ್ಟ್ ಮತ್ತು ಸಹೋದ್ಯೋಗಿಗಳು 1992ರಲ್ಲಿ ವರದಿ ಮಾಡಿದಂತೆ, ತಮ್ಮ ಬಾಸ್ಕೆಟ್‌ಬಾಲ್ ತಂಡ ಸೋತದ್ದನ್ನು ನೋಡಿದ ಅಭಿಮಾನಿಗಳು ಆಟಕ್ಕೆ ಸಂಬಂಧವೇ ಇಲ್ಲದ ಕೆಲಸಗಳಲ್ಲೂ ತಮ್ಮ ಸಾಮರ್ಥ್ಯವನ್ನು ಕಡಿಮೆ ಅಂದಾಜು ಮಾಡಿಕೊಂಡರು. 1994ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ನೋಡಿದ ಪುರುಷರ ಎಂಜಲು ಪರೀಕ್ಷಿಸಿದಾಗ, ಗೆದ್ದ ಬ್ರೆಜಿಲ್‌ನ ಅಭಿಮಾನಿಗಳಲ್ಲಿ ಟೆಸ್ಟೋಸ್ಟೆರಾನ್ ಏರಿತ್ತು, ಇಟಲಿಯ ಅಭಿಮಾನಿಗಳಲ್ಲಿ ಇಳಿದಿತ್ತು. ಕುರ್ಚಿಯಲ್ಲಿ ಕುಳಿತವರ ರಕ್ತಕ್ಕೂ ಫಲಿತಾಂಶ ಮುಟ್ಟುತ್ತದೆ. ಆರ್‌ಸಿಬಿ ಜತೆ 2008ರಿಂದ 2025ರವರೆಗೆ ಕಪ್ಪಿಗಾಗಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವೈಜಾಗ್‌ಗೆ ಮರಳೋಣ. ಅಲ್ಲಿನ ಜನ ಧೋನಿಯನ್ನು ಹಚ್ಚಿಕೊಳ್ಳಲು ಕಾರಣವಿದೆ. 2005ರ ಏಪ್ರಿಲ್ 5ರಂದು ಅದೇ ಮೈದಾನದ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ, ಉದ್ದ ಕೂದಲಿನ ಹೊಸ ಹುಡುಗ ಪಾಕಿಸ್ತಾನದ ವಿರುದ್ಧ 123 ಎಸೆತಗಳಲ್ಲಿ 148 ರನ್ ಬಾರಿಸಿದ. ಅದು ಧೋನಿಯ ಮೊದಲ ಅಂತರರಾಷ್ಟ್ರೀಯ ಶತಕ. ರೋಹಿತ್ ಶರ್ಮಾ ಮೇಲಿನ ಪ್ರೀತಿಗೂ ಬೇರುಗಳಿವೆ: ಅವರ ತಾಯಿ ಇದೇ ಊರಿನವರು, ಟೆಸ್ಟ್‌ನಲ್ಲಿ ಮೊದಲ ಬಾರಿ ಆರಂಭಿಕರಾಗಿ 176 ಮತ್ತು 127 ಹೊಡೆದದ್ದು 2019ರಲ್ಲಿ ಇಲ್ಲೇ. 2012ರ ಏಪ್ರಿಲ್‌ನಲ್ಲಿ ತೆಲುಗರದೇ ತಂಡವಾದ ಡೆಕ್ಕನ್ ಚಾರ್ಜರ್ಸ್ ಇಲ್ಲಿ ಆಡಿದಾಗ, ಕೊನೆಯ ಎಸೆತಕ್ಕೆ ಸಿಕ್ಸರ್ ಎತ್ತಿ ಅದನ್ನು ಸೋಲಿಸಿದ್ದೂ ಮುಂಬೈ ಪರ ಆಡಿದ ರೋಹಿತ್ತೇ. ಅಭಿಮಾನದ ಕೊಕ್ಕೆ ಆಟಗಾರನಿಗೆ, ಊರಿಗೆ, ಭಾಷೆಗೆ, ಆಟಕ್ಕೇ ಬೇರೆಬೇರೆಯಾಗಿ ಸಿಕ್ಕಿಕೊಳ್ಳಬಲ್ಲದು ಎಂದು ಸಂಶೋಧಕರು ಹೇಳುವುದು ಇದನ್ನೇ.

2009ರ ಫೈನಲ್‌ನಲ್ಲಿ ನಮ್ಮ ಆರ್‌ಸಿಬಿಯನ್ನು 6 ರನ್‌ಗಳಿಂದ ಸೋಲಿಸಿದ ಆ ಡೆಕ್ಕನ್ ಚಾರ್ಜರ್ಸ್ 2012ರಲ್ಲೇ ಇಲ್ಲವಾಯಿತು. ಅದರ ಜಾಗಕ್ಕೆ ಸನ್‌ರೈಸರ್ಸ್ ಹೈದರಾಬಾದ್ ಬಂತು. 2014ರಲ್ಲಿ ರಾಜ್ಯವೇ ಎರಡಾಗಿ ಹೈದರಾಬಾದ್ ತೆಲಂಗಾಣದ ಪಾಲಾಯಿತು. ಆದರೂ ಆಂಧ್ರದ ಅನೇಕರಿಗೆ ಸನ್‌ರೈಸರ್ಸ್ ಈಗಲೂ ‘ಮನ ಟೀಮ್’, ನಮ್ಮ ತಂಡ. ವೈಜಾಗ್‌ನ ನಿತೀಶ್ ಕುಮಾರ್ ರೆಡ್ಡಿ ಆ ತಂಡದಲ್ಲಿ ಮಿಂಚಿದ ಮೇಲಂತೂ ಕೇಳುವುದೇ ಬೇಡ. ಕಬಡ್ಡಿಯ ತೆಲುಗು ಟೈಟನ್ಸ್ ಹೆಸರಿನಲ್ಲಿ ಊರೇ ಇಲ್ಲ, ಭಾಷೆಯಿದೆ.

ಗಡಿ ಹೀಗೆ ಹಿಗ್ಗುತ್ತದೆ ಎನ್ನುವುದಕ್ಕೆ ಪ್ರಯೋಗದ ಆಧಾರವೂ ಇದೆ. ಮಾರ್ಕ್ ಲೆವಿನ್ ತಂಡ ಇಂಗ್ಲೆಂಡಿನಲ್ಲಿ ನಡೆಸಿದ, 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಎದುರು ಓಡುತ್ತಿದ್ದವನೊಬ್ಬ ಜಾರಿಬಿದ್ದು ನರಳಿದ. ಅವನ ಮೈಮೇಲೆ ತಮ್ಮ ತಂಡದ ಅಂಗಿಯಿದ್ದರೆ ಹೆಚ್ಚಿನವರು ನೆರವಿಗೆ ಓಡಿದರು, ಎದುರಾಳಿ ಲಿವರ್‌ಪೂಲ್‌ನ ಅಂಗಿಯಿದ್ದರೆ ಕೆಲವರೇ. ಆದರೆ ಮೊದಲೇ ಅವರನ್ನು ‘ಫುಟ್‌ಬಾಲ್ ಪ್ರೇಮಿಗಳು’ ಎಂಬ ದೊಡ್ಡ ಗುರುತಿನತ್ತ ಸೆಳೆದಿದ್ದಾಗ ಲಿವರ್‌ಪೂಲ್ ಅಂಗಿಯವನಿಗೂ ಸಹಾಯ ಸಿಕ್ಕಿತು.

ಅಭಿಮಾನವನ್ನು ಬರೀ ಮಾರುಕಟ್ಟೆಯ ಮೋಡಿ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದ ಮನೋವಿಜ್ಞಾನಿ ಡೇನಿಯಲ್ ವಾನ್, ಸ್ಥಳೀಯ ತಂಡದೊಂದಿಗೆ ಬೆಸೆದುಕೊಂಡವರಲ್ಲಿ ಒಂಟಿತನ ಕಡಿಮೆಯೆಂದು ಕಂಡರು. ದೂರದ ತಂಡವನ್ನು ಒಬ್ಬನೇ ಹಿಂಬಾಲಿಸುವವನಿಗೆ ಆ ಲಾಭ ಅಷ್ಟು ಸ್ಪಷ್ಟವಾಗಿ ದಕ್ಕುವುದಿಲ್ಲ. ಸುತ್ತ ಅದೇ ತಂಡದವರು ನೆರೆದಾಗ ದಕ್ಕಬಹುದು. ವೈಜಾಗ್‌ನ ಆ ಗ್ಯಾಲರಿಯಲ್ಲಿ ಚೆನ್ನೈ ತಂಡ ಆ ಮಟ್ಟಿಗೆ ಸ್ಥಳೀಯವೇ ಆಗಿತ್ತು.

ವಿಜಯವಾಡಕ್ಕೆ ಇಂಥ ಸಂಜೆಗಳು ಸಿಕ್ಕಿದ್ದು ಕಡಿಮೆ. ಇಂದಿರಾ ಗಾಂಧಿ ಮೈದಾನ ಪುರುಷರ ಅಂತರರಾಷ್ಟ್ರೀಯ ಏಕದಿನ ಪಂದ್ಯ ಕಂಡದ್ದು 2002ರ ನವೆಂಬರ್ 24ರಂದು. ವೆಸ್ಟ್ ಇಂಡೀಸ್ ಅಂದು ಗೆದ್ದು ಸರಣಿಯನ್ನು 4–3ರಿಂದ ಒಯ್ದಿತು. 2022ರಲ್ಲಿ ಆಂಧ್ರ ಪ್ರೀಮಿಯರ್ ಲೀಗ್ ಶುರುವಾದಾಗ ಊರಿಗೆ ಬೆಜವಾಡ ಟೈಗರ್ಸ್ ಸಿಕ್ಕಿತು. ಬೆಜವಾಡ ವಿಜಯವಾಡದ ಹಳೆಯ ಹೆಸರು, ಬಾಯಿಗೆ ಒಗ್ಗುವ ಹೆಸರು. 2025ರ ಲೀಗ್‌ನಲ್ಲಿ ಅದರ ಜಾಗದಲ್ಲಿ ವಿಜಯವಾಡ ಸನ್‌ಶೈನರ್ಸ್ ಇತ್ತು, ವೈಜಾಗ್ ವಾರಿಯರ್ಸ್ ಇದ್ದಲ್ಲಿ ಸಿಂಹಾದ್ರಿ ವೈಜಾಗ್ ಲಯನ್ಸ್. ಧೋನಿಯ 148 ನೆನಪಾಗಿ ಬೇರೂರಲು ವೈಜಾಗ್‌ಗೆ ವರ್ಷಗಳೇ ಹಿಡಿದವು. ಮೂರು ವರ್ಷಕ್ಕೆ ಹೆಸರನ್ನೇ ಬದಲಿಸಿದರೆ ಬೆಜವಾಡದ ಹುಡುಗ ಯಾವ ಅಂಗಿಯನ್ನು ತನ್ನದೆಂದುಕೊಳ್ಳಬೇಕು? ಲೀಗ್ ನಡೆಸುವವರು ಈ ಸಂಶೋಧನೆಗಳನ್ನು ಓದಿದರೆ ಮೊದಲು ಮಾಡಬೇಕಾದ ಕೆಲಸ, ಇಟ್ಟ ಹೆಸರನ್ನು ಹತ್ತು ವರ್ಷ ಮುಟ್ಟದೆ ಬಿಡುವುದು.