ನವೀಕರಣದ ನಂತರದ ಲಿನಕ್ಸ್ ಬೂಟ್ ವೈಫಲ್ಯ

ತಂತ್ರಾಂಶ ನವೀಕರಣದ ಬಳಿಕ ಲಿನಕ್ಸ್ ಆಧಾರಿತ ಗಣಕಯಂತ್ರವು ಲಾಗಿನ್ ಪರದೆಯವರೆಗೆ ತಲುಪದೆ ನಡುವೆಯೇ ನಿಂತುಹೋಗುವ ಸ್ಥಿತಿಯನ್ನು ಬೂಟ್ ವೈಫಲ್ಯ ಎನ್ನುತ್ತಾರೆ. ಇಂತಹ ವೈಫಲ್ಯದಲ್ಲಿ ಬಳಕೆದಾರರ ಕಡತಗಳು ಸಾಮಾನ್ಯವಾಗಿ ಡಿಸ್ಕ್‌ನಲ್ಲಿ ಸುರಕ್ಷಿತವಾಗಿಯೇ ಇರುತ್ತವೆ. ಇದನ್ನು ಅರಿಯದೆ ಡಿಸ್ಕ್ ಅಳಿಸಿ ವ್ಯವಸ್ಥೆಯನ್ನು ಮರುಸ್ಥಾಪಿಸಿದರೆ ಅವು ನಷ್ಟವಾಗುತ್ತವೆ. ಆದ್ದರಿಂದ ಆರಂಭವು ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಗುರುತಿಸುವುದು ದುರಸ್ತಿಯ ಮೊದಲ ಹೆಜ್ಜೆಯಾಗಿದೆ.

ಆರಂಭದ ಹಂತಗಳು

ವಿದ್ಯುತ್ ಗುಂಡಿ ಒತ್ತಿದೊಡನೆ ಮದರ್‌ಬೋರ್ಡ್‌ನಲ್ಲಿರುವ ಫರ್ಮ್‌ವೇರ್ (ಬಯೋಸ್ ಅಥವಾ ಯುಇಎಫ್‌ಐ) ಎಚ್ಚರಗೊಳ್ಳುತ್ತದೆ. ಅದು ಬೂಟ್ ಲೋಡರ್ ಅನ್ನು ಕರೆಯುತ್ತದೆ. ಹೆಚ್ಚಿನ ವಿತರಣೆಗಳಲ್ಲಿ ಇದು ಗ್ರಬ್. ಗ್ರಬ್, ಕರ್ನೆಲ್ ಅನ್ನೂ ಅದರೊಂದಿಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ಕಡತವ್ಯವಸ್ಥೆಯನ್ನೂ ಸ್ಮೃತಿಗೆ ತರುತ್ತದೆ. ಡಿಸ್ಕ್‌ನ ಮೂಲ ವಿಭಾಗವನ್ನು ಹುಡುಕಿ ತೆರೆಯಲು ಬೇಕಾದ ಚಾಲಕಗಳು ಇದರಲ್ಲಿರುತ್ತವೆ. ಕೊನೆಗೆ ಸಿಸ್ಟಮ್‌ಡಿ ಉಳಿದ ಸೇವೆಗಳನ್ನು ಆರಂಭಿಸುತ್ತದೆ.

ಲಕ್ಷಣಗಳು ಮತ್ತು ಕಾರಣಗಳು

* 'ಗ್ರಬ್ ರೆಸ್ಕ್ಯೂ' ಎಂಬ ಸಾಲು: ಗ್ರಬ್‌ಗೆ ತನ್ನ ಕಡತಗಳು ಸಿಗುತ್ತಿಲ್ಲ.
* 'ಕರ್ನೆಲ್ ಪ್ಯಾನಿಕ್', ಜೊತೆಗೆ ಮೂಲ ವಿಭಾಗ ತೆರೆಯಲಾಗಲಿಲ್ಲ ಎಂಬ ಸಂದೇಶ: ಇನಿಟ್‌ರಾಮ್‌ಎಫ್‌ಎಸ್ ಇಲ್ಲ ಅಥವಾ ಅಪೂರ್ಣವಾಗಿದೆ. ಬೂಟ್ ವಿಭಾಗ ತುಂಬಿಹೋಗುವುದು, ನವೀಕರಣದ ನಡುವೆ ವಿದ್ಯುತ್ ಕಡಿತವಾಗುವುದು ಇದಕ್ಕೆ ಸಾಮಾನ್ಯ ಕಾರಣಗಳು.
* 'ಎಮರ್ಜೆನ್ಸಿ ಮೋಡ್': ಎಫ್‌ಎಸ್‌ಟ್ಯಾಬ್ ಕಡತದಲ್ಲಿ ತಪ್ಪಿರಬಹುದು ಅಥವಾ ಕಡತವ್ಯವಸ್ಥೆಗೆ ಹಾನಿಯಾಗಿರಬಹುದು.
* ಕೇವಲ ಕಪ್ಪು ಪರದೆ: ಹೊಸ ಕರ್ನೆಲ್‌ಗೆ ಗ್ರಾಫಿಕ್ಸ್ ಚಾಲಕ ಹೊಂದಿಕೊಂಡಿಲ್ಲದಿರಬಹುದು. ಎನ್‌ವಿಡಿಯಾ ಚಾಲಕಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ಕೆಲವೊಮ್ಮೆ ದೋಷವು ನವೀಕರಣದಲ್ಲಿಯೇ ಇರುತ್ತದೆ. 2020ರ ಜುಲೈನಲ್ಲಿ 'ಬೂಟ್‌ಹೋಲ್' ಎಂಬ ಭದ್ರತಾ ಲೋಪಕ್ಕೆ ಬಿಡುಗಡೆಯಾದ ಪರಿಹಾರದಿಂದಾಗಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಮತ್ತು ಸೆಂಟ್‌ಓಎಸ್ ಬಳಸುತ್ತಿದ್ದ ಹಲವು ಯಂತ್ರಗಳು ಆರಂಭವಾಗಲಿಲ್ಲ. 2024ರ ಆಗಸ್ಟ್‌ನಲ್ಲಿ ವಿಂಡೋಸ್‌ನ ನವೀಕರಣವೊಂದು, ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಹೊಂದಿದ್ದ ಕೆಲವು ಗಣಕಗಳಲ್ಲಿ ಸೆಕ್ಯೂರ್ ಬೂಟ್ ಪರಿಶೀಲನೆಯ ಹಂತದಲ್ಲಿ ಲಿನಕ್ಸ್ ಅನ್ನು ತಡೆಯಿತು.

ದುರಸ್ತಿ ಕ್ರಮ

ಸುಲಭವಾದುದರಿಂದ ಕಠಿಣವಾದುದರ ಕಡೆಗೆ ಸಾಗುವುದು ಸೂಕ್ತ. ಇಲ್ಲಿ ಹೆಸರಿಸಿರುವ ಆದೇಶಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ನಮೂದಿಸಬೇಕು.

1. ''ಹಳೆಯ ಕರ್ನೆಲ್:'' ಉಬುಂಟು, ಡೆಬಿಯನ್ ಮತ್ತು ಫೆಡೋರಾ ಹಿಂದಿನ ಕರ್ನೆಲ್ ಅನ್ನು ಉಳಿಸಿಕೊಂಡಿರುತ್ತವೆ. ಉಬುಂಟುವಿನಲ್ಲಿ ಆರಂಭದ ವೇಳೆ ಶಿಫ್ಟ್ (ಯುಇಎಫ್‌ಐ ಯಂತ್ರಗಳಲ್ಲಿ ಎಸ್ಕೇಪ್) ಕೀಲಿ ಒತ್ತಿ ಗ್ರಬ್ ಪಟ್ಟಿಯನ್ನು ತಂದು, 'ಅಡ್ವಾನ್ಸ್‌ಡ್ ಆಪ್ಷನ್ಸ್' ಅಡಿಯಲ್ಲಿ ಅದನ್ನು ಆರಿಸಬಹುದು. ವ್ಯವಸ್ಥೆ ಆರಂಭವಾದರೆ ದೋಷವು ಹೊಸ ಕರ್ನೆಲ್‌ಗೆ ಸಂಬಂಧಿಸಿದ್ದು ಎಂದು ತಿಳಿಯುತ್ತದೆ.
2. ''ಅಪೂರ್ಣ ನವೀಕರಣ:'' ಹಳೆಯ ಕರ್ನೆಲ್ ಅಥವಾ ರಿಕವರಿ ಮೋಡ್‌ನಲ್ಲಿ ಮೊದಲು ಬೂಟ್ ವಿಭಾಗದಲ್ಲಿ ಸ್ಥಳವಿದೆಯೇ ಎಂದು ನೋಡಬೇಕು. ನಂತರ 'ಡಿಪಿಕೆಜಿ' ಆದೇಶದಿಂದ ಅರ್ಧಕ್ಕೆ ನಿಂತ ಅನುಸ್ಥಾಪನೆಯನ್ನು ಮುಗಿಸಿ, 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್' ಮತ್ತು 'ಅಪ್‌ಡೇಟ್-ಗ್ರಬ್' ಆದೇಶಗಳನ್ನು ನಡೆಸಬೇಕು. ಇನಿಟ್‌ರಾಮ್‌ಎಫ್‌ಎಸ್ ಅನ್ನು ಪುನಃ ರಚಿಸಲು ಫೆಡೋರಾದಲ್ಲಿ 'ಡ್ರಾಕಟ್', ಆರ್ಚ್‌ನಲ್ಲಿ 'ಎಂಕೆಇನಿಟ್‌ಸಿಪಿಐಒ' ಬಳಕೆಯಲ್ಲಿವೆ.
3. ''ಲೈವ್ ಯುಎಸ್‌ಬಿ:'' ಯಾವ ಕರ್ನೆಲ್ ಕೂಡ ಆರಂಭವಾಗದಿದ್ದರೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಆರಂಭಿಸಿ, ಮೊದಲು ಮುಖ್ಯ ಕಡತಗಳನ್ನು ಬೇರೆಡೆಗೆ ನಕಲಿಸಿಕೊಳ್ಳಬೇಕು. ಅನಂತರ ಮೂಲ ವಿಭಾಗವನ್ನೂ ಬೂಟ್ ವಿಭಾಗಗಳನ್ನೂ ಮೌಂಟ್ ಮಾಡಿ, 'ಸಿಎಚ್‌ರೂಟ್' ಮೂಲಕ ಹಳೆಯ ವ್ಯವಸ್ಥೆಯೊಳಗೆ ಪ್ರವೇಶಿಸಿ, ಗ್ರಬ್ ಅನ್ನು ಮರುಸ್ಥಾಪಿಸಬಹುದು. ಗೂಢಲಿಪೀಕರಿಸಿದ ಡಿಸ್ಕ್ ಅನ್ನು ಮೊದಲು ಗುಪ್ತಪದದಿಂದ ತೆರೆಯಬೇಕಾಗುತ್ತದೆ.

ಕಡತವ್ಯವಸ್ಥೆಯನ್ನು ಸರಿಪಡಿಸುವ 'ಎಫ್‌ಎಸ್‌ಸಿಕೆ' ಆದೇಶವನ್ನು ಮೌಂಟ್ ಆಗಿರುವ ವಿಭಾಗದ ಮೇಲೆ ನಡೆಸಬಾರದು. ಅದರಿಂದ ದತ್ತಾಂಶಕ್ಕೆ ಹಾನಿಯಾಗಬಹುದು. ವಿಂಡೋಸ್ ಕೂಡ ಇರುವ ಯಂತ್ರದಲ್ಲಿ ಸೆಕ್ಯೂರ್ ಬೂಟ್ ನಿಲ್ಲಿಸುವ ಮೊದಲು ಬಿಟ್‌ಲಾಕರ್ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು.

ಶಾಲಾ ಪ್ರಯೋಗಾಲಯಗಳಲ್ಲಿ

ಕೇರಳದ ಐಟಿ@ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ಅದು ಸಿದ್ಧಪಡಿಸುವ ಉಬುಂಟು ಆಧಾರಿತ ಕಾರ್ಯಾಚರಣ ವ್ಯವಸ್ಥೆಯು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿಯೂ ಬಳಕೆಯಲ್ಲಿದೆ. ಪ್ರಯೋಗಾಲಯದಲ್ಲಿ ಒಂದೇ ಮಾದರಿಯ ಹಲವು ಯಂತ್ರಗಳಿದ್ದರೆ ಒಂದೇ ದೋಷವು ಎಲ್ಲವನ್ನೂ ಏಕಕಾಲದಲ್ಲಿ ನಿಲ್ಲಿಸಬಲ್ಲದು. ಮೊದಲು ಒಂದು ಯಂತ್ರವನ್ನು ನವೀಕರಿಸಿ, ಮರು ಆರಂಭಿಸಿ ನೋಡಿದ ಬಳಿಕ ಉಳಿದವನ್ನು ನವೀಕರಿಸುವುದು ಕ್ಷೇಮಕರ.

ಮುನ್ನೆಚ್ಚರಿಕೆ

ನವೀಕರಣದ ವೇಳೆ ಯುಪಿಎಸ್ ಅಥವಾ ಬ್ಯಾಟರಿಯ ಆಸರೆ ಇರಬೇಕು. ಅನಗತ್ಯ ಕರ್ನೆಲ್‌ಗಳನ್ನು ತೆಗೆದುಹಾಕಿದರೂ ಸರಿಯಾಗಿ ಕೆಲಸಮಾಡುತ್ತಿರುವ ಒಂದನ್ನಾದರೂ ಉಳಿಸಿಕೊಳ್ಳಬೇಕು. ಟೈಮ್‌ಶಿಫ್ಟ್ ತಂತ್ರಾಂಶವು ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಮರಳಿಸಬಲ್ಲದು. ಆದರೆ ಪೂರ್ವನಿಯೋಜಿತವಾಗಿ ಅದು ಬಳಕೆದಾರರ ಸ್ವಂತ ಕಡತಗಳನ್ನು ಒಳಗೊಳ್ಳುವುದಿಲ್ಲ. ಅವುಗಳ ಪ್ರತಿಯನ್ನು ಪ್ರತ್ಯೇಕವಾಗಿ ಬೇರೊಂದು ಡಿಸ್ಕ್‌ನಲ್ಲಿ ಇರಿಸಬೇಕು.

ಇವನ್ನೂ ನೋಡಿ

* ಲಿನಕ್ಸ್
* ಉಬುಂಟು
* ಬೂಟ್ ಲೋಡರ್