ಪಂಚನಾಮೆಯ ಸಹಿ ಮತ್ತು ವರ್ತಕರ ಹೊಣೆ

"ಸಾವುಕಾರ್ರ, ಸಾಹೇಬ್ರು ಕರದಾರ್ರಿ. ಐದು ನಿಮಿಷ ಬಂದು ಹೋಗ್ರಿ." ಗೋಕಾಕ, ಮೂಡಲಗಿ, ಹುಕ್ಕೇರಿ ಪೇಟೆಗಳಲ್ಲಿ ಅಂಗಡಿ ಇಟ್ಟುಕೊಂಡವರಿಗೆ ಪೊಲೀಸ್ ಪೇದೆಯ ಈ ಮಾತು ಹೊಸದಲ್ಲ. ಎಲ್ಲಿಯೋ ಕಳವು ಮಾಲು ಸಿಕ್ಕಿರುತ್ತದೆ, ಅಪಘಾತವಾಗಿರುತ್ತದೆ, ಅಥವಾ ಯಾವುದೋ ಗೋದಾಮಿನ ಶೋಧ ನಡೆದಿರುತ್ತದೆ. ಅಲ್ಲಿ ಇಬ್ಬರು ಪಂಚರು ಬೇಕು. ಪರಿಚಯದ ಮುಲಾಜಿಗೆ ಎದ್ದುಹೋದ ವರ್ತಕರು ಬರೆದಿಟ್ಟ ಕಾಗದಕ್ಕೆ ಸಹಿ ಹಾಕಿ ಅಂಗಡಿಗೆ ಮರಳುತ್ತಾರೆ; ವಿಷಯ ಅಲ್ಲಿಗೆ ಮುಗಿಯಿತೆಂದು ಭಾವಿಸುತ್ತಾರೆ. ವರ್ಷಗಳು ಕಳೆದ ಮೇಲೆ ನ್ಯಾಯಾಲಯದ ಸಮನ್ಸ್ ಕೈಗೆ ಬಂದಾಗಲೇ ಆ ಐದು ನಿಮಿಷದ ನಿಜವಾದ ಬೆಲೆ ತಿಳಿಯುವುದು.

ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಸಾಮಾನ್ಯ ನಾಗರಿಕರನ್ನು ಜ್ಯೂರಿಗಳಾಗಿ ಕರೆಯುವ ಪದ್ಧತಿ ಇಂದಿಗೂ ಇದೆ. ನಮ್ಮಲ್ಲಿಯೂ ಅದು ಇತ್ತು. 1898ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸೆಷನ್ಸ್ ವಿಚಾರಣೆಗಳು ಜ್ಯೂರಿಯ ಮೂಲಕ ಅಥವಾ ಅಸೆಸರುಗಳ ನೆರವಿನಿಂದ ನಡೆಯಬೇಕಿತ್ತು. ಮುಂಬಯಿ ಪ್ರಾಂತದಲ್ಲಿದ್ದ ಅಂದಿನ ಬೆಳಗಾವಿ ಜಿಲ್ಲೆಗೂ ಇದೇ ಸಂಹಿತೆ ಅನ್ವಯಿಸುತ್ತಿತ್ತು. ಅಸೆಸರುಗಳು ಅಭಿಪ್ರಾಯ ಹೇಳಬಹುದಿತ್ತು. ಅದಕ್ಕೆ ನ್ಯಾಯಾಧೀಶರು ಬದ್ಧರಾಗಿರಲಿಲ್ಲ. 1955ರ ತಿದ್ದುಪಡಿ ಅಸೆಸರುಗಳ ಪದ್ಧತಿಯನ್ನು ತೆಗೆದುಹಾಕಿತು. 1959ರಲ್ಲಿ ಮುಂಬಯಿಯ ನಾನಾವತಿ ಪ್ರಕರಣದಲ್ಲಿ ಒಂಬತ್ತು ಜ್ಯೂರಿಗಳ ಪೈಕಿ ಎಂಟು ಮಂದಿ ಆರೋಪಿ ನಿರ್ದೋಷಿಯೆಂದರು. ನ್ಯಾಯಾಧೀಶರು ಅದನ್ನು ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ 1973ರ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಇರಲಿಲ್ಲ.

ಹೀಗೆ ತೀರ್ಪು ಹೇಳುವ ಕೆಲಸದಿಂದ ನಾಗರಿಕನಿಗೆ ಬಿಡುಗಡೆ ದೊರೆಯಿತು. ಆದರೆ ನ್ಯಾಯದಾನದ ಹೊಣೆಯಿಂದ ಪೂರ್ತಿ ಬಿಡುಗಡೆ ದೊರೆಯಲಿಲ್ಲ. ಇಂದು ಆ ಹೊಣೆ ಪಂಚನ ರೂಪದಲ್ಲಿ ಉಳಿದಿದೆ, ಮತ್ತು ಅದು ಹೆಚ್ಚಾಗಿ ಬೀಳುವುದು ಪೇಟೆಯಲ್ಲಿ ಸದಾ ಕೈಗೆ ಸಿಗುವ ವರ್ತಕರ ಮೇಲೆಯೇ.

ಕಾನೂನು ಏನು ಹೇಳುತ್ತದೆ?

ಶೋಧ ನಡೆಸುವ ಅಧಿಕಾರಿಯು ಆ ಸ್ಥಳದ ಇಬ್ಬರು ಅಥವಾ ಹೆಚ್ಚು ಸ್ವತಂತ್ರ ಹಾಗೂ ಗೌರವಸ್ಥ ನಿವಾಸಿಗಳನ್ನು ಕರೆದು, ಅವರ ಎದುರಿನಲ್ಲಿಯೇ ಶೋಧ ಮಾಡಬೇಕು. ಜಪ್ತಿಯಾದ ವಸ್ತುಗಳ ಯಾದಿಯನ್ನು ಸಿದ್ಧಪಡಿಸಿ ಅವರ ಸಹಿ ಪಡೆಯಬೇಕು. 1973ರ ಸಂಹಿತೆಯ 100ನೇ ಕಲಮಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೇ ಕಲಮಿನಲ್ಲಿ ಮುಂದುವರಿದಿದೆ. ಲಿಖಿತ ಆದೇಶ ಕೊಟ್ಟ ಮೇಲೂ ಸಕಾರಣವಿಲ್ಲದೆ ಪಂಚನಾಗಲು ನಿರಾಕರಿಸುವುದು ಅಪರಾಧ. ಆದರೆ ನ್ಯಾಯಾಲಯವು ವಿಶೇಷವಾಗಿ ಸಮನ್ಸ್ ಕಳಿಸದ ಹೊರತು ಪಂಚನು ಸಾಕ್ಷಿಗಾಗಿ ಹಾಜರಾಗಬೇಕಿಲ್ಲ ಎಂಬುದನ್ನೂ ಅದೇ ಕಲಮು ಹೇಳುತ್ತದೆ.

"ಸ್ವತಂತ್ರ" ಮತ್ತು "ಅವರ ಎದುರಿನಲ್ಲಿ" ಎಂಬ ಎರಡು ಮಾತುಗಳಲ್ಲಿ ಈ ಕಲಮಿನ ಸಾರವೆಲ್ಲ ಅಡಗಿದೆ. ಠಾಣೆಯಲ್ಲಿ ಮೊದಲೇ ಬರೆದಿಟ್ಟ ಕಾಗದಕ್ಕೆ ಅಂಗಡಿಯ ಗಲ್ಲೆಯ ಮೇಲೆ ಹಾಕಿದ ಸಹಿ ಪಂಚನಾಮೆಯಾಗಲಾರದು.

ಕಟೆಕಟೆಯ ಅನುಭವ

ಮೂಡಲಗಿಯ ಒಬ್ಬ ಕಿರಾಣಿ ವ್ಯಾಪಾರಿಯ ಸ್ಥಿತಿಯನ್ನು ಉದಾಹರಣೆಗಾಗಿ ಊಹಿಸಬಹುದು. ಸಂತೆಯ ದಿನವೇ ಮುದ್ದತು ಬಿದ್ದಿದೆ. ಅಂಗಡಿಯನ್ನು ಮಗನಿಗೆ ಒಪ್ಪಿಸಿ ಹನ್ನೊಂದು ಗಂಟೆಗೆ ನ್ಯಾಯಾಲಯದ ಆವರಣ ಸೇರಿದ್ದಾರೆ. ಸಂಜೆಯವರೆಗೆ ಕಾಯ್ದ ಮೇಲೆ ಮುಂದಿನ ದಿನಾಂಕ ಸಿಗುತ್ತದೆ. ಹೀಗೆ ಎರಡು ಮೂರು ಸಲವಾದ ಮೇಲೆ ಹೆಸರು ಕೂಗುತ್ತಾರೆ. ಆರೋಪಿಯ ಸ್ಥಳದಲ್ಲಿ ನಿಂತವನು ಅವರದೇ ಅಂಗಡಿಯ ಉದ್ರಿ ಗಿರಾಕಿ. ಎಷ್ಟು ಚೀಲ ಸಿಕ್ಕವು, ಚೀಲದ ಬಾಯಿ ಹೊಲಿದಿತ್ತೋ ಕಟ್ಟಿತ್ತೋ, ತೂಕ ಮಾಡಿದವರು ಯಾರು ಎಂದು ವಕೀಲರು ಪಾಟೀಸವಾಲಿನಲ್ಲಿ ಕೇಳುತ್ತಾರೆ. ಓದದೆ ಸಹಿ ಹಾಕಿದವರಿಗೆ ಉತ್ತರ ಎಲ್ಲಿಂದ ಬರಬೇಕು?

ಆಗ ಉಳಿಯುವುದು ಎರಡೇ ದಾರಿ. ಕಾಣದ್ದನ್ನು ಕಂಡೆನೆಂದರೆ ಅದು ಸುಳ್ಳು ಸಾಕ್ಷಿ. "ನನಗೆ ಏನೂ ಗೊತ್ತಿಲ್ಲ, ಸಹಿ ಮಾತ್ರ ನನ್ನದು" ಎಂದರೆ ಪ್ರತಿಕೂಲ ಸಾಕ್ಷಿಯೆಂದು ದಾಖಲಾಗಿ, ಸರಕಾರಿ ಅಭಿಯೋಜಕರೇ ಪಾಟೀಸವಾಲಿಗೆ ಇಳಿಯುತ್ತಾರೆ. ಸತ್ಯವನ್ನೇ ಹೇಳಿದರೂ ಮರ್ಯಾದಸ್ಥ ವ್ಯಾಪಾರಿ ತಲೆ ತಗ್ಗಿಸಿ ಹೊರಬರಬೇಕಾಗುತ್ತದೆ. ತಪ್ಪು ನಡೆದದ್ದು ಕಟೆಕಟೆಯಲ್ಲಲ್ಲ, ಸಹಿ ಹಾಕಿದ ದಿನ.

ಸಾಕ್ಷಿಗಳ ಈ ಪಾಡನ್ನು ಸರ್ವೋಚ್ಚ ನ್ಯಾಯಾಲಯವೂ ಗಮನಿಸಿದೆ. 2000ದ ಸ್ವರಣ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ, ಸ್ವಂತ ಕೆಲಸ ಬಿಟ್ಟು ದೂರದಿಂದ ಬಂದ ಸಾಕ್ಷಿಯನ್ನು ಮುಂದೂಡಿಕೆಗಳಿಂದ ದಣಿಸುವುದನ್ನು ಅದು ಕಟುವಾಗಿ ಟೀಕಿಸಿ, ಸಾಕ್ಷಿ ಭತ್ಯೆ ಕೂಡಲೇ ಸಿಗಬೇಕೆಂದು ಹೇಳಿತು. 2018ರಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸಾಕ್ಷಿಗಳ ರಕ್ಷಣೆಯ ಯೋಜನೆಗೆ ಒಪ್ಪಿಗೆ ನೀಡಿತು.

ನಾಣ್ಯದ ಇನ್ನೊಂದು ಮುಖ

ಇಷ್ಟೆಲ್ಲ ತೊಂದರೆಯಿದ್ದ ಮೇಲೆ ಪೇದೆಯನ್ನು ಕಂಡೊಡನೆ ಹಿಂದಿನ ಬಾಗಿಲಿನಿಂದ ಹೋಗುವುದೇ ಲೇಸೆಂದು ಹಲವರಿಗೆ ಅನ್ನಿಸಬಹುದು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 67ನೇ ಕಲಮಿನ ಪ್ರಕಾರ, ವ್ಯಾಪಾರದ ಸ್ಥಳದ ಶೋಧ ಮತ್ತು ಜಪ್ತಿಗೂ ದಂಡ ಪ್ರಕ್ರಿಯೆಯ ನಿಯಮಗಳೇ ಅನ್ವಯಿಸುತ್ತವೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 38ನೇ ಕಲಮು, ಆಹಾರ ಸುರಕ್ಷತಾ ಅಧಿಕಾರಿ ಮಾದರಿ ತೆಗೆಯುವಾಗ ಒಬ್ಬರು ಅಥವಾ ಹೆಚ್ಚು ಜನರನ್ನು ಕರೆದು ಅವರ ಸಹಿ ಪಡೆಯಬೇಕೆನ್ನುತ್ತದೆ. ಗೋಕಾಕದ ಕರದಂಟು ತಯಾರಕರಿಗಾಗಲಿ ಸಂಕೇಶ್ವರದ ಮೆಣಸಿನಕಾಯಿ ವರ್ತಕರಿಗಾಗಲಿ ಇಂಥ ಸಂದರ್ಭ ಬರಲಾರದೆಂದು ಯಾರೂ ಹೇಳಲಾರರು.

ಆ ದಿನ ಸ್ವಂತ ಗೋದಾಮಿನಲ್ಲಿ ಇದ್ದದ್ದು ಎಷ್ಟು, ಬರೆದುಕೊಂಡದ್ದು ಎಷ್ಟು ಎಂಬುದಕ್ಕೆ ನಿಜವಾದ ಆಧಾರ ಪಂಚರ ಕಣ್ಣು ಮತ್ತು ಸಹಿ. ನೆರೆಯ ಅಂಗಡಿಯವರು ಬಾರದೆ ಹೋದರೆ, ಅಥವಾ ಬಂದೂ ನೋಡದೆ ಸಹಿ ಹಾಕಿದರೆ, ನಷ್ಟ ಯಾರಿಗೆ? ಇಂದು ನೆರೆಯವರ ಬಾಗಿಲಲ್ಲಿ ಓದದೆ ಸಹಿ ಹಾಕುವ ವರ್ತಕರು ನಾಳೆ ತಮ್ಮ ಬಾಗಿಲಿಗೆ ಬರುವ ಪಂಚರಿಂದಲೂ ಅದನ್ನೇ ನಿರೀಕ್ಷಿಸಬೇಕಾಗುತ್ತದೆ. ಪಂಚನು ಪೊಲೀಸರ ಕಡೆಯವನೂ ಅಲ್ಲ, ಆರೋಪಿಯ ಕಡೆಯವನೂ ಅಲ್ಲ, ಕಂಡದ್ದರ ಕಡೆಯವನು.

ವರ್ತಕರು ಗಮನಿಸಬೇಕಾದ ಸಂಗತಿಗಳು

1. ಖಾಲಿ ಹಾಳೆಗಾಗಲಿ ಅರ್ಧ ಬರೆದ ಹಾಳೆಗಾಗಲಿ ಸಹಿ ಹಾಕಬಾರದು. ಸಹಿಯಿಲ್ಲದ ಚೆಕ್ಕನ್ನು ಯಾರೂ ಪಡೆಯುವುದಿಲ್ಲ, ಮೊತ್ತವಿಲ್ಲದ ಚೆಕ್ಕಿಗೆ ಯಾವ ವಿವೇಕಿಯೂ ಸಹಿ ಹಾಕುವುದಿಲ್ಲ.

2. ಶೋಧದ ಆರಂಭದಿಂದ ಕೊನೆಯವರೆಗೆ ಸ್ಥಳದಲ್ಲಿರಬೇಕು. ವಸ್ತುಗಳ ಸಂಖ್ಯೆ, ತೂಕ, ಗುರುತು ಮತ್ತು ಸಮಯ ಸರಿಯಾಗಿ ದಾಖಲಾಗಿವೆಯೇ ಎಂದು ಓದಿ ನೋಡಬೇಕು. ಓದು ಬಾರದವರು ಓದಿಸಿ ಕೇಳಬೇಕು. ತಪ್ಪಿದ್ದರೆ ಸಹಿಗೆ ಮೊದಲೇ ತಿದ್ದಿಸಬೇಕು.

3. ಪಂಚನಾಮೆಗೆ ಸಹಿ ಬೇಕು. ಆದರೆ ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯುವಂತಿಲ್ಲ. ಎರಡನ್ನೂ ಒಂದೇ ಎಂದು ತಿಳಿಯಬಾರದು.

4. ದಿನಾಂಕ, ಠಾಣೆ ಮತ್ತು ಕಂಡ ಮುಖ್ಯ ಸಂಗತಿಗಳನ್ನು ಅದೇ ದಿನ ಡೈರಿಯಲ್ಲಿ ಬರೆದಿಡುವುದು ಲೇಸು. ಆಗಲೇ ಬರೆದಿಟ್ಟ ದಾಖಲೆಯನ್ನು ನೋಡಿ ನೆನಪು ತಾಜಾ ಮಾಡಿಕೊಳ್ಳಲು ಸಾಕ್ಷ್ಯ ಕಾನೂನು ಸಾಕ್ಷಿಗೆ ಅವಕಾಶ ಕೊಡುತ್ತದೆ.

5. ಸಮನ್ಸ್ ಬಂದರೆ ತಪ್ಪದೆ ಹಾಜರಾಗಬೇಕು. ಆಗದಿದ್ದರೆ ಕಾರಣವನ್ನು ಮೊದಲೇ ಲಿಖಿತವಾಗಿ ತಿಳಿಸಬೇಕು. ಭತ್ಯೆಯನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಹೊಸ ಸಂಹಿತೆಯ 105ನೇ ಕಲಮು ಶೋಧ, ಜಪ್ತಿ, ಯಾದಿ ತಯಾರಿಕೆ ಹಾಗೂ ಸಾಕ್ಷಿಗಳ ಸಹಿಯನ್ನು ದೃಶ್ಯ-ಶ್ರವ್ಯವಾಗಿ, ಸಾಧ್ಯವಾದರೆ ಮೊಬೈಲಿನಲ್ಲಿ, ಚಿತ್ರೀಕರಿಸಬೇಕೆಂದು ಕಡ್ಡಾಯ ಮಾಡಿದೆ. ಸರಕಾರ ಗೊತ್ತುಪಡಿಸಿದ ಸ್ಥಳದಿಂದ ದೃಶ್ಯ ಮಾಧ್ಯಮದ ಮೂಲಕ ಸಾಕ್ಷಿ ನುಡಿಯುವ ಅವಕಾಶವನ್ನೂ ಕೊಟ್ಟಿದೆ. ಇದರಿಂದ ಮನೆಯಲ್ಲಿ ಕುಳಿತು ಹಾಕುವ ಸಹಿಗಳಿಗೆ ಕಡಿವಾಣ ಬೀಳಬೇಕು. ಆದರೆ ಚಿತ್ರದಲ್ಲಿ ಕಾಣುವ ಪಂಚನೇ ಮುಂದೆ "ನಾನು ಅಲ್ಲಿರಲಿಲ್ಲ" ಎನ್ನಲಾರನೆಂಬುದನ್ನೂ ಮರೆಯಬಾರದು.

ಸಾಕ್ಷಿಗಳಿಗೆ ಕುಳಿತುಕೊಳ್ಳಲು ಸ್ಥಳ, ನಿಗದಿತ ವೇಳೆ, ಸಕಾಲಕ್ಕೆ ಭತ್ಯೆ ಇವುಗಳ ಕುರಿತು ತಾಲೂಕಿನ ವರ್ತಕರ ಸಂಘಗಳು ವಕೀಲರ ಸಂಘದೊಡನೆ ಕೂಡಿ ಮನವಿ ಸಲ್ಲಿಸಬಹುದು. ಬೇಡಿಕೆ ನ್ಯಾಯವಾದದ್ದೇ. ಆದರೆ ಅದಕ್ಕಿಂತ ಮೊದಲ ಕೆಲಸ ಪ್ರತಿಯೊಬ್ಬ ವರ್ತಕರ ಕೈಯಲ್ಲೇ ಇದೆ. ಕಿರ್ದಿಯಲ್ಲಿ ಒಂದು ರೂಪಾಯಿಯ ತಪ್ಪು ಬಂದರೆ ರಾತ್ರಿಯವರೆಗೆ ಕುಳಿತು ಹುಡುಕುವವರು, ಇನ್ನೊಬ್ಬನ ಸ್ವಾತಂತ್ರ್ಯವನ್ನು ನಿರ್ಧರಿಸುವ ಕಾಗದವನ್ನು ಓದಲು ಹತ್ತು ನಿಮಿಷ ಕೊಡಲಾರರೇ?